ಚೌಕದ ಮೇಲೆ ಅಷ್ಟಕೋನ ಕೂರಿಸಿದ್ದು ಹೇಗೆ? ಹಳೆಯ ಚರ್ಚ್ ಗಂಟೆಗೋಪುರಗಳ ಬಗ್ಗೆ

ಹೊಸ ಆರ್ಕಿಟೆಕ್ಟ್:
ಎಲ್ಲರಿಗೂ ನಮಸ್ಕಾರ. ಆರ್ಕಿಟೆಕ್ಚರ್ ಮೂರನೇ ವರ್ಷ ಓದ್ತಾ ಇದೀನಿ. ಹಿಸ್ಟರಿ ಪೇಪರ್‌ಗೆ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್ ತಗೊಂಡಿದೀನಿ. ಗೋಪುರ ಚೌಕ, ಅದರ ನೆತ್ತಿಯ ಮೇಲೆ ಎಂಟು ಮುಖದ ಕಲ್ಲಿನ ಶಿಖರ, ನೆಲದಿಂದ ತುದಿಗೆ 123 ಮೀಟರ್. ಕಟ್ಟಿದ್ದು ಹದಿನಾಲ್ಕನೇ ಶತಮಾನದ ಶುರುವಿನಲ್ಲಿ. ಪುಸ್ತಕದಲ್ಲಿ ‘ಚೌಕವು ಇಲ್ಲಿ ಅಷ್ಟಕೋನವಾಗುತ್ತದೆ’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದಾರೆ. ಹೇಗೆ ಆಗುತ್ತೆ ಅನ್ನೋದೇ ನನ್ನ ಪ್ರಶ್ನೆ. ಕ್ಯಾಲ್ಕುಲೇಟರ್ ಇಲ್ಲ, ಕೋನ ಅಳೆಯೋ ಥಿಯೋಡೊಲೈಟ್ ಇಲ್ಲ, ಅಷ್ಟು ಎತ್ತರದಲ್ಲಿ ಅಷ್ಟಕೋನ ಗುರುತು ಹಾಕಿದ್ದು ಹೇಗೆ? ಖಾಲಿ ಮೂಲೆಗಳ ಮೇಲೆ ಕಲ್ಲು ನಿಂತಿದ್ದು ಹೇಗೆ? ಇಂಥ ಗೋಪುರಗಳಲ್ಲಿ ಟನ್ನುಗಟ್ಟಲೆ ತೂಕದ ಗಂಟೆ ತೂಗಾಡಿದರೂ ಗೋಡೆ ಬಿರುಕು ಬಿಡಲ್ವಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ತೂಗುಗುಂಡು:
ಮೊದಲನೇ ಪ್ರಶ್ನೆಗೆ ಅಂಕಿಯೇ ಬೇಕಿಲ್ಲ. ಹಗ್ಗ, ಗೂಟ ಇದ್ದರೆ ಸಾಕು. ನೀವೇ ಅಂಗಳದಲ್ಲಿ ಮಾಡಿ ನೋಡಿ.

20 ಅಡಿಯ ಚೌಕ ಹಾಕಿ. ಎರಡು ಕರ್ಣ ಎಳೆದರೆ ನಟ್ಟನಡುವೆ ಒಂದು ಬಿಂದು ಸಿಗುತ್ತೆ. ಒಂದು ಮೂಲೆಯಲ್ಲಿ ಗೂಟ ಹೊಡೆದು ಆ ನಡುಬಿಂದುವಿನ ತನಕ ಹಗ್ಗ ಎಳೆಯಿರಿ. ಸುಮಾರು 14 ಅಡಿ 1¾ ಇಂಚು ಬರುತ್ತೆ, ಆದರೆ ಅಳೆಯೋ ಅಗತ್ಯ ಇಲ್ಲ. ಹಗ್ಗವನ್ನು ಅಷ್ಟಕ್ಕೇ ಹಿಡಿದು, ಆ ಮೂಲೆಯಿಂದ ಹೊರಡೋ ಎರಡೂ ಬಾಹುಗಳ ಮೇಲೆ ಒಂದೊಂದು ಗುರುತು ಹಾಕಿ. ನಾಲ್ಕೂ ಮೂಲೆಯಿಂದ ಇದನ್ನೇ ಮಾಡಿದರೆ ಎಂಟು ಗುರುತು. ಸೇರಿಸಿದರೆ ಸಮ ಅಷ್ಟಕೋನ. ಪ್ರತಿ ಮೂಲೆಯಿಂದ 5 ಅಡಿ 10¼ ಇಂಚು ಕತ್ತರಿಸಿ ಹೋಗುತ್ತೆ, ಅಷ್ಟಕೋನದ ಒಂದು ಬಾಹು 8 ಅಡಿ 3 ಇಂಚು ಚಿಲ್ಲರೆ. ಇದು ಅಂದಾಜಿನ ವಿಧಾನ ಅಲ್ಲ, ರೇಖಾಗಣಿತದ ಪ್ರಕಾರ ಕರಾರುವಾಕ್ಕು.

ಇದರ ಅಣ್ಣತಮ್ಮ ಇನ್ನೊಂದಿದೆ. ಚೌಕದ ನಾಲ್ಕು ಬಾಹುಗಳ ನಡುಬಿಂದು ಸೇರಿಸಿದರೆ ಒಳಗೆ ಓರೆಯಾಗಿ ಇನ್ನೊಂದು ಚೌಕ. ವಿಸ್ತೀರ್ಣ ಸರಿಯಾಗಿ ಅರ್ಧ. ಅದರೊಳಗೆ ಮತ್ತೊಂದು ಹಾಕಿದರೆ ಕಾಲುಭಾಗ, ಮತ್ತೆ ನೆಟ್ಟಗೆ ನಿಂತಿರುತ್ತೆ. ಮೇಲಕ್ಕೆ ಹೋದಂತೆ ಕಿರಿದಾಗೋ ಭಾಗಗಳ ಅಳತೆಯನ್ನು ಹೀಗೆ ಒಂದರೊಳಗೊಂದು ಚೌಕದಿಂದಲೇ ತೆಗೀತಿದ್ದರು. ಜರ್ಮನಿಯ ರೇಗೆನ್ಸ್‌ಬುರ್ಗ್ ಕೆಥೆಡ್ರಲ್‌ನ ಮುಖ್ಯ ಶಿಲ್ಪಿ ಮಾಥೆಸ್ ರೊರಿಟ್ಸರ್ 1486ರಲ್ಲಿ ಇದನ್ನೇ ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದ. ಕಿರುಶಿಖರ ಒಂದನ್ನು ನೆಲದ ಚೌಕದಿಂದ ತುದಿಯ ತನಕ ಹೇಗೆ ಎಬ್ಬಿಸಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿದಾನೆ. ಮೊದಲ ಚೌಕದ ಅಳತೆ ಒಂದು ಕೊಟ್ಟರೆ ಉಳಿದಿದ್ದೆಲ್ಲ ಅದರಿಂದಲೇ ಹುಟ್ಟುತ್ತೆ.

ಗುಮ್ಮಟದ ಊರಾಂವ:
ತೂಗುಗುಂಡು ಸರ್ ಹೇಳಿದ್ದು ನಮ್ಮ ವಿಜಯಪುರದಾಗೂ ಐತ್ರಿ. ಗೋಳಗುಮ್ಮಟದ ಒಳಗ ನಿಂತು ಕತ್ತೆತ್ತಿ ನೋಡ್ರಿ. ಒಂದರ ಮ್ಯಾಲೆ ಒಂದು ಓರೆಯಾಗಿಟ್ಟ ಎರಡು ಚೌಕ, ಆ ಗೆರಿ ಹಿಡದು ಒಂದಕ್ಕೊಂದು ಹೆಣೆದ ಕಮಾನು, ಅದರ ಮ್ಯಾಲೆ ಗುಂಡನ ಗುಮ್ಮಟ. ಅವರಿಂದ ಇವರು ಕಲತ್ರು ಅಂತ ನಾ ಹೇಳಾಕತ್ತಿಲ್ಲ. ಚೌಕದಿಂದ ದುಂಡಕ್ಕ ಹೋಗೋ ಗಾರೆಯವನಿಗೆ ಎಲ್ಲೇ ಇದ್ರೂ ದಾರಿ ಇರೋದ ಎರಡೋ ಮೂರೋ, ಅಷ್ಟ.

ಎರಡನೇ ಪ್ರಶ್ನಿಗೆ ಉತ್ತರ. ಮೂಲಿ ಖಾಲಿ ಬಿಡಂಗಿಲ್ರಿ. ಗೋಡಿಂದ ಗೋಡಿಗೆ ಮೂಲಿ ಅಡ್ಡ ಹಾಯ್ಸಿ ಒಂದು ಕಮಾನು ಕಟ್ತಾರ. ಇಂಗ್ಲಿಷಿನ್ಯಾಗ ಸ್ಕ್ವಿಂಚ್ ಅಂತಾರ. ನಾಲ್ಕು ಮೂಲಿಗೆ ನಾಲ್ಕು ಕಮಾನು, ನಡುವ ಗೋಡಿ ನಾಲ್ಕು, ಎಂಟಾತು. ಶಿಖರದ ಭಾರ ಕಮಾನಿನ ಮ್ಯಾಲೆ ಬಿದ್ದು ಎರಡೂ ಗೋಡಿಗೆ ಹಂಚಿ ಹೋಗತದ. ಹೊರಗ ಖಾಲಿ ಉಳಿದ ಮೂಲ್ಯಾಗ ಸಣ್ಣ ಶಿಖರ ನಿಲ್ಲಸ್ತಾರಲ್ಲ, ಅದು ಬರೇ ಚಂದಕ್ಕಲ್ಲ. ಕಮಾನು ಹೊರಗ ಒತ್ತೋ ಜಾಗಾದಾಗ ಮ್ಯಾಲಿಂದ ತೂಕ ಹೇರಿದಂಗ ಆಗತದ.

ತೂಗುಗುಂಡು:
ಸರಿಯಾಗಿ ಹೇಳಿದಿರಿ ಅಣ್ಣ. ಸಾಲ್ಸ್‌ಬರಿ ಬಗ್ಗೆ ಎರಡು ಮಾತು ಸೇರಿಸ್ತೀನಿ. ಆ ಶಿಖರದ ಕಲ್ಲು ಬುಡದಲ್ಲಿ ದಪ್ಪ, ಮೇಲೆ ಒಂದಡಿಗೂ ಕಡಿಮೆ. ಅಷ್ಟು ಎತ್ತರಕ್ಕೆ ಅದು ತೆಳು ಚಿಪ್ಪು. ಒಳಗಡೆ ಕಟ್ಟೋವಾಗ ಹಾಕಿದ ಮರದ ಸಾರುವೆ ಇವತ್ತಿಗೂ ಹಾಗೇ ಇದೆ, ಬಿಚ್ಚಲೇ ಇಲ್ಲ. ಆದರೆ ಕೆಳಗಿನ ಚರ್ಚನ್ನು ಮೊದಲು ಕಟ್ಟಿದವರ ತಲೇಲಿ ಇಷ್ಟು ದೊಡ್ಡ ಶಿಖರ ಇರಲೇ ಇಲ್ಲ. ಸುಮಾರು 6,500 ಟನ್ ಆಮೇಲೆ ಹೇರಿದ್ದು. ಕೆಳಗಿನ ಕಂಬಗಳು ಬಾಗಿದವು, ನಡುವೆ ಒತ್ತುಗಮಾನು ಕೊಟ್ಟು ಹಿಡಿದು ನಿಲ್ಲಿಸಿದರು. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ಬಂದು ತೂಗುಗುಂಡು ಬಿಟ್ಟು ನೋಡಿದಾಗ ತುದಿ ಎರಡಡಿಗೂ ಹೆಚ್ಚು ವಾಲಿತ್ತು.

ಅಂದರೆ ರೇಖಾಗಣಿತ ಅವರಿಗೆ ಆಕಾರ ಕೊಟ್ಟಿತು, ಬಲ ಕೊಡಲಿಲ್ಲ. ಇದನ್ನ ನಿಮ್ಮ ಪೇಪರ್‌ನಲ್ಲಿ ಬರೀರಿ, ಮಾರ್ಕ್ಸ್ ಕೊಡದಿದ್ದರೆ ನನ್ನ ಹತ್ರ ಜಗಳಕ್ಕೆ ಬನ್ನಿ.

ಮಲೆನಾಡು ಟು ಡೆವನ್:
ಗಂಟೆ ವಿಚಾರ ನಾನು ಹೇಳ್ತೀನಿ. ಇಂಗ್ಲೆಂಡಿನಲ್ಲಿ ನಾನಿರೋ ಹಳ್ಳಿಯ ಚರ್ಚ್‌ನಲ್ಲಿ ಗಂಟೆ ಬಾರಿಸೋ ಗುಂಪಿದೆ, ಯಾವ ಧರ್ಮದವರು ಅಂತ ಕೇಳದೆ ಸೇರಿಸಿಕೊಂಡರು.

ನಮ್ಮ ದೇವಸ್ಥಾನದಲ್ಲಿ ಗಂಟೆ ಇದ್ದಲ್ಲೇ ಇರುತ್ತೆ, ನಾಲಿಗೆ ಎಳೆದು ಬಡೀತೀವಿ. ಇಲ್ಲಿ ಗಂಟೆಗೇ ದೊಡ್ಡ ಮರದ ಚಕ್ರ ಕಟ್ಟಿ, ಅದಕ್ಕೆ ಹಗ್ಗ ಸುತ್ತಿರ್ತಾರೆ. ಎಳೆದು ಎಳೆದು ಗಂಟೆಯನ್ನು ಬಾಯಿ ಮೇಲಾಗಿ ನಿಲ್ಲಿಸೋದು. ಅಲ್ಲಿಂದ ಬಿಟ್ಟರೆ ಪೂರ್ತಿ ಒಂದು ಸುತ್ತು ಬಂದು ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತೆ. ಆ ಸುತ್ತಿನಲ್ಲಿ ಅಡ್ಡಕ್ಕೆ ಬೀಳೋ ಬಲ ಗಂಟೆಯ ತೂಕದ ಸುಮಾರು ಎರಡು ಪಟ್ಟು, ಕೆಳಮುಖವಾಗಿ ಸುಮಾರು ನಾಲ್ಕು ಪಟ್ಟು. ಅರ್ಧ ಟನ್ನಿನ ಗಂಟೆ ಗೋಪುರವನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಒಂದು ಟನ್ ಬಲದಿಂದ ತಳ್ಳುತ್ತೆ. ಅಂಥವು ಆರೋ ಎಂಟೋ ಇರುತ್ತವೆ.

ಅದಕ್ಕೇ ಗಂಟೆಗಳನ್ನು ನೇರವಾಗಿ ಗೋಡೆಗೆ ತೂಗುಹಾಕಲ್ಲ. ಓಕ್ ಮರದ ದಪ್ಪ ತೊಲೆಗಳ ಚೌಕಟ್ಟು ಇರುತ್ತೆ, ಈಚಿನದಾದರೆ ಕಬ್ಬಿಣದ್ದು. ಕೆಲವು ಗಂಟೆ ಉತ್ತರ-ದಕ್ಷಿಣ ತೂಗುವಂತೆ, ಉಳಿದವು ಪೂರ್ವ-ಪಶ್ಚಿಮ ತೂಗುವಂತೆ ಜೋಡಿಸಿರ್ತಾರೆ. ಎಲ್ಲವೂ ಒಂದೇ ದಿಕ್ಕಿಗೆ ತಳ್ಳಿದರೆ ಕೆಲಸ ಕೆಡುತ್ತೆ. ಚೌಕಟ್ಟನ್ನು ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೂರಿಸಿದಷ್ಟೂ ಒಳ್ಳೇದು. ಇಷ್ಟೆಲ್ಲ ಮಾಡಿದರೂ ಗೋಪುರ ಅಲುಗುತ್ತೆ. ಬಾರಿಸೋವಾಗ ಗೋಡೆಗೆ ಕೈಯಿಟ್ಟರೆ ನಿಧಾನಕ್ಕೆ ಓಲಾಡೋದು ಅಂಗೈಗೆ ಗೊತ್ತಾಗುತ್ತೆ. ಮೊದಲ ಸಲ ನಾನು ಹೆದರಿ ಹಗ್ಗ ಬಿಡೋದೊಂದು ಬಾಕಿ. ಪಕ್ಕದಲ್ಲಿದ್ದ ಅಜ್ಜ ನಕ್ಕು, ಅಲುಗದ ಗೋಪುರ ಕಂಡರೇ ನನಗೆ ಭಯ ಅಂದ.

ಹೊಸ ಆರ್ಕಿಟೆಕ್ಟ್:
ಹಾಗಾದ್ರೆ ನಾಲಿಗೆ ಎಳೆದೇ ಬಾರಿಸಬಹುದಿತ್ತಲ್ಲ ಮೇಡಂ? ಗೋಡೆಗೆ ಕಷ್ಟವೇ ಇರ್ತಿರಲಿಲ್ಲ.

ಮಲೆನಾಡು ಟು ಡೆವನ್:
ರಷ್ಯಾದವರು ಮಾಡೋದೇ ಅದು. ಗಂಟೆ ಅಲುಗಲ್ಲ, ನಾಲಿಗೆಗೆ ಕಟ್ಟಿದ ಹಗ್ಗ ಎಳೀತಾರೆ. ಅದರಿಂದಲೇ ಅವರಿಗೆ ದೈತ್ಯ ಗಂಟೆಗಳ ಹುಚ್ಚು ಹತ್ತಿಸಿಕೊಳ್ಳೋಕೆ ಸಾಧ್ಯವಾಯ್ತು. ಮಾಸ್ಕೋದ ಕ್ರೆಮ್ಲಿನ್‌ನಲ್ಲಿ 1735ರಲ್ಲಿ ಎರಕ ಹೊಯ್ದ ಗಂಟೆ ಸುಮಾರು 200 ಟನ್. ಅದು ಒಂದು ಸಲವೂ ಬಾರಿಸಲಿಲ್ಲ ಅನ್ನೋದು ಬೇರೆ ಮಾತು, 1737ರ ಬೆಂಕಿಯಲ್ಲಿ ಒಡೆದು ಒಂದು ಚೂರು ಬಿದ್ದೇ ಹೋಯ್ತು. ಪಕ್ಕದಲ್ಲೇ ಇರೋ ಇವಾನ್ ಮಹಾಗೋಪುರ ಅಷ್ಟಕೋನದ್ದು, 1505ರಿಂದ 1508ರಲ್ಲಿ ಇಟಲಿಯ ಶಿಲ್ಪಿ ಕಟ್ಟಿದ್ದು, 1600ರಲ್ಲಿ ಎತ್ತರಿಸಿ 81 ಮೀಟರ್ ಮಾಡಿದರು. 1812ರಲ್ಲಿ ನೆಪೋಲಿಯನ್ನನ ಸೇನೆ ಹೋಗೋವಾಗ ಮದ್ದಿಟ್ಟು ಉಡಾಯಿಸಿತು. ಪಕ್ಕದ ಗಂಟೆಮನೆ ಬಿತ್ತು, ಗೋಪುರ ನಿಂತಿತ್ತು.

ಊರಿನ ಗತ್ತು:
ಇದಕ್ಕೇ ಹೇಳೋದು, ಹಿಂದಿನೋರ ಕೆಲಸ ಅಂದ್ರೆ ಕೆಲಸ. ಇವತ್ತಿನ ಕಾಂಕ್ರೀಟು ಮೂವತ್ತು ವರ್ಷಕ್ಕೆ ಉದುರುತ್ತೆ. ಅವರು ಸಾವಿರ ವರ್ಷ ನಿಲ್ಲೋ ಹಾಗೆ ಕಟ್ಟಿದರು. ಅದೂ ಅಲ್ಲದೆ ಈ ಗೋಪುರಗಳೆಲ್ಲ ಗೋಲ್ಡನ್ ರೇಷಿಯೋ (ಒಂದಕ್ಕೆ ಸುಮಾರು 1.618ರ ಅನುಪಾತ) ಪ್ರಕಾರ ಇವೆ, ಯೂಟ್ಯೂಬ್‌ನಲ್ಲಿ ಗೆರೆ ಎಳೆದು ತೋರಿಸಿದಾರೆ.

ಕಡಲತಡಿ:
ಎಂತ ಮಾರಾಯ್ರೆ, ಬಿದ್ದದ್ದು ನಿಮ್ಮ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಹಾಗೆ ಅನಿಸುವುದು. ಹಳೆ ಗೋವಾಕ್ಕೆ ಹೋಗಿದ್ದೀರಾ? ಸಂತ ಅಗಸ್ಟಿನ್ ಚರ್ಚಿನ ಗೋಪುರ ಉಂಟು, 1602ರಲ್ಲಿ ಮುಗಿದದ್ದು, ನಮ್ಮ ಮುರಕಲ್ಲಿನದ್ದೇ. ಪಾದ್ರಿಗಳನ್ನು 1835ರಲ್ಲಿ ಓಡಿಸಿದ ಮೇಲೆ ನೋಡಿಕೊಳ್ಳುವವರಿಲ್ಲ. 1842ರಲ್ಲಿ ಚರ್ಚಿನ ಮಾಡು ಕುಸಿಯಿತು. ಗೋಪುರದಲ್ಲಿದ್ದ ಗಂಟೆಯನ್ನು 1871ರಲ್ಲಿ ಪಣಜಿಯ ಚರ್ಚಿಗೆ ಕೊಂಡುಹೋದರು, ಈಗಲೂ ಅಲ್ಲಿದೆ. 1931ರಲ್ಲಿ ಮುಂಭಾಗ ಮತ್ತು ಅರ್ಧ ಗೋಪುರ ಬಿತ್ತು. ಈಗ ಉಳಿದದ್ದು 46 ಮೀಟರಿನ ಒಂದು ಪಾರ್ಶ್ವ ಮಾತ್ರ, ಉದ್ದಕ್ಕೆ ಸೀಳಿದ ಹಾಗೆ ನಿಂತಿದೆ. ನಮಗಿದು ಅನುಕೂಲವೇ. ಗೋಪುರವನ್ನು ಕೊಯ್ದು ಒಳಗಿನದ್ದು ತೋರಿಸಿದ ಹಾಗೆ, ಗೋಡೆ ಎಷ್ಟು ದಪ್ಪ, ಕಮಾನು ಎಲ್ಲಿ ಕೂತಿತ್ತು ಎಲ್ಲ ಕಾಣುತ್ತದೆ.

ಮುರಕಲ್ಲಿಗೆ ಸುಣ್ಣದ ಗಿಲಾವು ಬಿಟ್ಟುಹೋದರೆ ಮಳೆಗಾಲ ಒಳಗೇ ನುಗ್ಗುತ್ತದೆ. ಎರಡು ಮಳೆಗಾಲ ಗಿಲಾವು ಇಲ್ಲದೆ ಬಿಟ್ಟು ನೋಡಿ, ನಿಮ್ಮ ಸಾವಿರ ವರ್ಷ ಎಲ್ಲಿ ಹೋಗುತ್ತದೆ ಅಂತ.

ತೂಗುಗುಂಡು:
ಗತ್ತು ಅವರೇ, ಬಿದ್ದವುಗಳ ಪಟ್ಟಿ ದೊಡ್ಡದಿದೆ. ಫ್ರಾನ್ಸಿನ ಬೊವೆಯಲ್ಲಿ 150 ಮೀಟರ್‌ಗೂ ಎತ್ತರದ ಗೋಪುರ 1569ರಲ್ಲಿ ಮುಗಿಸಿ ಬೀಗಿದರು, 1573ರಲ್ಲಿ ಕುಸಿಯಿತು. ನಾಲ್ಕೇ ವರ್ಷ!

ವೆನಿಸ್‌ನ ಸಂತ ಮಾರ್ಕ್ ಚೌಕದ ಗೋಪುರ 1902ರ ಜುಲೈ 14ರ ಬೆಳಗ್ಗೆ ತನ್ನ ಬುಡದಲ್ಲೇ ಕುಸಿದು ರಾಶಿಯಾಯ್ತು. ಅದಕ್ಕೆ ಸ್ವಲ್ಪ ಮುಂಚೆ ಬುಡದ ಕಟ್ಟಡದ ಚಾವಣಿ ದುರಸ್ತಿಗೆ ಅಂತ ಗೋಪುರದ ಗೋಡೆಯನ್ನೇ ಕೆತ್ತಿದ್ದರು. ಬಿರುಕು ಮೇಲಕ್ಕೆ ಓಡಿತು, ಜನರನ್ನು ಸರಿಸಿದ್ದರಿಂದ ಯಾರೂ ಸಾಯಲಿಲ್ಲ, ಕಾವಲುಗಾರನ ಬೆಕ್ಕು ಮಾತ್ರ ಸತ್ತಿತು ಅಂತಾರೆ. ‘ಹೇಗಿತ್ತೋ ಹಾಗೆ, ಎಲ್ಲಿತ್ತೋ ಅಲ್ಲಿ’ ಅಂತ ಹಟ ಹಿಡಿದು 1912ಕ್ಕೆ ಮತ್ತೆ ಕಟ್ಟಿದರು, ಹಳೆಯದಕ್ಕಿಂತ ಹಗುರವಾಗಿ, ಬುಡಕ್ಕೆ ಹೊಸ ಮರದ ಗೂಟ ಬಡಿದು. ನೀವು ಫೋಟೋದಲ್ಲಿ ನೋಡೋ ‘ಹಳೇ’ ಗೋಪುರ ಇಪ್ಪತ್ತನೇ ಶತಮಾನದ್ದು.

ನನ್ನನ್ನು ಜಾಸ್ತಿ ಕಾಡೋದು ಪಾವಿಯಾ. ಇಟಲಿಯ ಆ ಊರಿನ ಗೋಪುರ 1989ರ ಮಾರ್ಚ್ 17ರಂದು ಕುಸಿದು ನಾಲ್ಕು ಜನ ಸತ್ತರು. ಭೂಕಂಪ ಇಲ್ಲ, ಬಿರುಗಾಳಿ ಇಲ್ಲ. ಗೋಡೆ 2.8 ಮೀಟರ್ ದಪ್ಪ! ಆದರೆ ಒಳಹೊರಗಿನ ಇಟ್ಟಿಗೆ ಪದರ ಗೇಣುದ್ದವೂ ಇಲ್ಲ, ನಡುವೆ ಇದ್ದದ್ದೆಲ್ಲ ಕಲ್ಲುಚೂರು, ಇಟ್ಟಿಗೆ ತುಂಡು, ಗಾರೆ. ಹದಿನಾರನೇ ಶತಮಾನದಲ್ಲಿ ತಲೆಯ ಮೇಲೆ ಗ್ರಾನೈಟಿನ ಗಂಟೆಮನೆ ಹೇರಿದರು. ಸದಾ ಇರೋ ಭಾರಕ್ಕೆ ಒಳಗಿನ ಹೂರಣ ವರ್ಷಕ್ಕೆ ಕೂದಲೆಳೆಯಷ್ಟು ಕುಗ್ಗುತ್ತಾ, ಭಾರ ಹೊರಪದರಕ್ಕೆ ವರ್ಗವಾಗುತ್ತಾ, ಕೊನೆಗೆ ಒಂದು ದಿನ ಸೀಳಿತು. ಇಂಜಿನಿಯರುಗಳು ಇದನ್ನ ಕ್ರೀಪ್ ಅಂತಾರೆ. ನೋಡೋಕೆ ಕೋಟೆ, ಒಳಗೆ ಹೂರಣ. ಯುರೋಪಿನ ಎಷ್ಟೋ ಗೋಪುರಗಳ ಗೋಡೆ ಇದೇ ಜಾತಿ. ಪಿಸಾದ ವಾಲುಗೋಪುರದ್ದೂ ಅದೇ.

ಇನ್ನು ಗೋಲ್ಡನ್ ರೇಷಿಯೋ. ದಪ್ಪ ಗೆರೆ ಎಳೆದರೆ ಯಾವ ಫೋಟೋದಲ್ಲಾದರೂ ಅದು ಸಿಗುತ್ತೆ, ನಿಮ್ಮ ಮನೆ ಗೇಟಿನಲ್ಲೂ. ಮಧ್ಯಯುಗದ ಕಟ್ಟುವವರೇ ಬಿಟ್ಟುಹೋದ ಕಾಗದಪತ್ರದಲ್ಲಿ ಕಾಣೋದು ಚೌಕ ಮತ್ತು ತ್ರಿಕೋನ. ಮಿಲಾನ್ ಕೆಥೆಡ್ರಲ್ ಎತ್ತರವನ್ನು ಚೌಕದ ಲೆಕ್ಕದಲ್ಲಿ ತೆಗೀಬೇಕೋ ಸಮಬಾಹು ತ್ರಿಕೋನದ ಲೆಕ್ಕದಲ್ಲೋ ಅಂತ 1390ರ ದಶಕದಲ್ಲಿ ಸಭೆ ಮೇಲೆ ಸಭೆ ನಡೆದು ಜಗಳವಾಗಿದೆ. ತ್ರಿಕೋನದ ಎತ್ತರ ಪೂರ್ಣಸಂಖ್ಯೆಯಲ್ಲಿ ಬರಲ್ಲ ಅಂತ ಪಿಯಾಚೆಂಜಾದಿಂದ ಒಬ್ಬ ಗಣಿತಜ್ಞನನ್ನೇ ಕರೆಸಿದರು.

ಗುಮ್ಮಟದ ಊರಾಂವ:
ಪಿಸಾ ಹೆಸರು ಬಂತಲ್ರಿ, ಅದರದ್ದು ಲೆಕ್ಕ ಹಾಕಿ ತೋರಿಸ್ತೀನಿ. ಸಾಯಿಲ್ ಟೆಸ್ಟ್ ರಿಪೋರ್ಟ್ ನೋಡೋದ ನನ್ನ ಹೊಟ್ಟಿಪಾಡು, ಹಿಂಗಾಗಿ ಕೈ ತಡಿಯಂಗಿಲ್ಲ.

ಗೋಪುರದ ತೂಕ ಹತ್ತಿರ ಹತ್ತಿರ 14,500 ಟನ್. ಪಾಯಾದ ವ್ಯಾಸ 19.6 ಮೀಟರ್, ನಡುವ ಸಣ್ಣದೊಂದು ತೂತು ಬಿಟ್ರ ನೆಲಕ್ಕ ಊರಿದ್ದು ಸುಮಾರು 285 ಚದರ ಮೀಟರ್. ಭಾಗಿಸ್ರಿ, ಚದರ ಮೀಟರಿಗೆ 50 ಟನ್. ನಮ್ಮ ಕಡೆ ಮನಿ ಕಟ್ಟಾಕ ಎಸ್‌ಬಿಸಿ, ಅಂದ್ರ ಮಣ್ಣು ಸುರಕ್ಷಿತವಾಗಿ ಹೊರೋ ಭಾರ, 20 ಟನ್ ಹಿಡದ್ರ ಭಾಳಾತು ಅಂತೀವಿ. ಅಲ್ಲಿ ಗೋಪುರದ ಕೆಳಗ ಇದ್ದದ್ದು ಮೆತ್ತಗಿನ ಸಮುದ್ರದ ಜೇಡಿಮಣ್ಣು, ಪಾಯಾದ ಆಳ ಮೂರ ಮೀಟರ್.

1173ರಾಗ ಶುರು ಮಾಡಿದ್ರು. ಮೂರು ಅಂತಸ್ತು ಏರಿ ನಾಲ್ಕನೇದಕ್ಕ ಕೈ ಹಾಕೂದ್ರಾಗ, 1178ರ ಹೊತ್ತಿಗೆ ಕೆಲಸ ನಿಂತ್ತು. ಸುಮಾರು ನೂರು ವರ್ಷ ಯಾರೂ ಮುಟ್ಟಲಿಲ್ಲ. ಆ ನೂರು ವರ್ಷನ ಗೋಪುರ ಉಳಿಸಿದ್ದು ನೋಡ್ರಿ. ಭಾರ ಬಿದ್ದ ಜೇಡಿಮಣ್ಣಿನ್ಯಾಗಿನ ನೀರು ಸಾವಕಾಶ ಹೊರಗ ಹೋಗಿ ಮಣ್ಣು ಗಟ್ಟಿ ಆತು. ಒಂದ ಪಟ್ಟಿಗೆ ಕಟ್ಟಿದ್ರ ಅವಾಗ ಮಕಾಡೆ ಬೀಳತಿತ್ತು. 1272ಕ್ಕ ಮತ್ತ ಶುರು, 1284ಕ್ಕ ಮತ್ತ ನಿಂತ್ತು, ಗಂಟಿಮನಿ ಏರಿಸಿದ್ದು ಹದಿನಾಲ್ಕನೇ ಶತಮಾನದ ಎರಡನೇ ಅರ್ಧದಾಗ. ಒಂದೊಂದು ಸಲ ನಿಂತಾಗೂ ಮಣ್ಣಿಗೆ ಉಸಿರಾಡಾಕ ಬಿಡುವು ಸಿಕ್ತು.

ಕಟ್ಟೋರಿಗೆ ವಾಲೋದು ಗೊತ್ತಿತ್ರಿ. ಮ್ಯಾಲಿನ ಅಂತಸ್ತಿನ್ಯಾಗ ಇಳುಕಲ ಕಡೆ ಕಲ್ಲಿನ ವರಸಿ ದಪ್ಪ, ಏರುಕಲ ಕಡೆ ತೆಳು ಮಾಡಿ ನೆಟ್ಟಗ ಮಾಡಾಕ ನೋಡ್ಯಾರ. ಹಿಂಗಾಗಿ ಗೋಪುರ ಬರೇ ವಾಲಿಲ್ಲ, ಸೊಟ್ಟ ಆಗೇದ. ಯಾವ ವರಸಿ ಎಷ್ಟು ಓರೆ ಐತಿ ಅಂತ ಅಳದು, ಯಾವ ಕಾಲಕ್ಕ ಎಷ್ಟು ವಾಲಿತ್ತು ಅಂತ ಇಂಜಿನಿಯರುಗಳು ಹಿಂದಿನಿಂದ ಓದಿ ತಗದ್ರು. ಶುರುವಿಗೆ ಉತ್ತರಕ್ಕ ಸ್ವಲ್ಪ ವಾಲಿತ್ತು, ಆಮ್ಯಾಲೆ ದಕ್ಷಿಣಕ್ಕ ತಿರಗ್ತು.

ಹೊಸ ಆರ್ಕಿಟೆಕ್ಟ್:
ಅಬ್ಬಾ. ಮತ್ತೆ ನಿಲ್ಲಿಸಿದ್ದು ಹೇಗೆ ಸರ್? ಪೂರ್ತಿ ನೆಟ್ಟಗೆ ಯಾಕೆ ಮಾಡಲಿಲ್ಲ?

ಗುಮ್ಮಟದ ಊರಾಂವ:
ಮೊದಲ ಕೆಡಿಸಿದ್ದು ಹೇಳ್ತೀನಿ ಕೇಳಪಾ. 1838ರಾಗ ಹುಗದ ಹೋಗಿದ್ದ ಬುಡ ಮಂದಿಗೆ ಕಾಣ್ಲಿ ಅಂತ ಸುತ್ತ ಅಗದ್ರು, ನೀರು ನುಗ್ಗಿ ಇನ್ನಷ್ಟು ವಾಲ್ತು. 1934ರಾಗ ಮುಸೊಲಿನಿ ಕಾಲಕ್ಕ ಪಾಯಾಕ್ಕ ತೂತು ಕೊರದು ಸಿಮೆಂಟ್ ಗ್ರೌಟ್ ತುಂಬಿದ್ರು, ಮತ್ತ ವಾಲ್ತು. 1990ರ ಹೊತ್ತಿಗೆ ಐದೂವರಿ ಡಿಗ್ರಿ. ಪಾವಿಯಾ ಬಿದ್ದ ಹೆದರಿಕಿಗೆ 1990ರ ಜನವರಿ 7ಕ್ಕ ಬಾಗಲಾ ಹಾಕಿದ್ರು.

ಆಮ್ಯಾಲೆ ಮೊದಲನೇ ಅಂತಸ್ತಿಗೆ ಉಕ್ಕಿನ ಕೇಬಲ್ ಸುತ್ತಿದ್ರು, ಗೋಡಿ ಸೀಳಬಾರದಂತ. 1993ರಾಗ ಉತ್ತರದ ಬದಿ ಪಾಯಾದ ಮ್ಯಾಲೆ 600 ಟನ್ ಸೀಸ ಹೇರಿದ್ರು, ವಾಲೋದು ನಿಂತ್ತು. 1995ರಾಗ ಸೀಸ ಚಂದ ಕಾಣಂಗಿಲ್ಲ, ನೆಲದಾಗ ಆಂಕರ್ ಹಾಕಿ ಬಿಗಿಯೋಣ ಅಂತ ಮಣ್ಣು ಹೆಪ್ಪುಗಟ್ಟಿಸಿ ಅಗ್ಯಾಕ ಹೋದ್ರು. ಗೋಪುರ ಸರಕ್ ಅಂತ ದಕ್ಷಿಣಕ್ಕ ಸರೀತು. ಹೌಹಾರಿ ಮತ್ತ ಒಂದು 300 ಟನ್ ಸೀಸ ಹೇರಿದ್ರು.

ಕಡೀಕ ಫಲ ಕೊಟ್ಟದ್ದು ಭಾಳ ಸರಳ ಉಪಾಯ. ಸಾಯಿಲ್ ಮೆಕ್ಯಾನಿಕ್ಸಿನ ಜಾನ್ ಬರ್ಲೆಂಡ್ ಅವರೆಲ್ಲ ಇದ್ದ ಸಮಿತಿ ಉತ್ತರದ ಬದಿ ಪಾಯಾದ ಬುಡದಾಗಿಂದ ಓರೆ ಕೊಳವಿ ಹಾಕಿ ಮಣ್ಣು ತಗಸ್ತು. ಚೂರು ತಗಿಯೋದು, ಮಣ್ಣು ಕುಸಿದು ತೂತು ತಾನ ಮುಚ್ಚಿಕೊಳ್ಳಾಕ ಬಿಡೋದು, ಅಳಿಯೋದು, ಮತ್ತ ತಗಿಯೋದು. ಎಲ್ಲಾ ಸೇರಿ ಬರೇ 38 ಘನ ಮೀಟರ್, ಟಿಪ್ಪರ್ ಲೆಕ್ಕದಾಗ ಒಂದೀಟು. ಗೋಪುರ ಅರ್ಧ ಡಿಗ್ರಿ ಹಿಂದಕ್ಕ ಬಂತು. ಐದೂವರಿ ಇದ್ದದ್ದು ಸುಮಾರು ಐದು ಡಿಗ್ರಿಗೆ ಇಳೀತು. 2001ರ ಡಿಸೆಂಬರಿನ್ಯಾಗ ಮಂದಿಗೆ ಬಾಗಲಾ ತಗದ್ರು.

ಪೂರ್ತಿ ನೆಟ್ಟಗ ಮಾಡಿದ್ರ ಟಿಕೆಟ್ ಯಾರು ತಗೋತಾರ್ರಿ? ಅದು ಚಾಷ್ಟಿ ಮಾತು. ಖರೇ ಹೇಳಬೇಕಂದ್ರ, ಗೋಡಿ ಸೊಟ್ಟ ಕಟ್ಟ್ಯಾರ, ಬುಡ ನೆಟ್ಟಗ ಮಾಡಿದ್ರ ತಲಿ ಉಲ್ಟಾ ಕಡೆ ವಾಲತದ. ಅದಕ್ಕ ‘ನೆಟ್ಟಗ’ ಅನ್ನೋ ಸ್ಥಿತಿನ ಇಲ್ಲ.

ರೈನ್ ತೀರದ ಕನ್ನಡತಿ:
ತಡವಾಗಿ ಬಂದೆ. ಜರ್ಮನಿಯ ಫ್ರೈಬುರ್ಗ್ ಚರ್ಚಿನ ಗೋಪುರದ ಹೆಸರು ಯಾರೂ ತೆಗೆಯಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. 116 ಮೀಟರ್, 1330ರ ಸುಮಾರಿಗೆ ಮುಗಿದದ್ದು. ಬುಡ ಚೌಕ, ನಡು ಅಷ್ಟಕೋನ, ತುದಿಯ ಶಿಖರ ಪೂರ್ತಿ ಜಾಲಂದ್ರ, ಒಳಗೆ ನಿಂತರೆ ಆಕಾಶ ಕಾಣುತ್ತದೆ. ಕಲ್ಲಿಗೆ ಕಲ್ಲು ಹಿಡಿಸಲು ಕಬ್ಬಿಣದ ಕೊಂಡಿ ಹಾಕಿ ಸುತ್ತ ಸೀಸ ಕರಗಿಸಿ ಹೊಯ್ದಿದ್ದಾರೆ. 1944ರ ನವೆಂಬರ್ 27ರ ಬಾಂಬ್ ದಾಳಿಯಲ್ಲಿ ಸುತ್ತಲಿನ ಊರು ನೆಲಸಮವಾದರೂ ಗೋಪುರ ನಿಂತಿತು. ಸ್ಫೋಟದ ಗಾಳಿ ಹಾಯ್ದುಹೋಗಲು ಸಂದುಗಳಿದ್ದದ್ದೂ ಒಂದು ಕಾರಣ ಎನ್ನುತ್ತಾರೆ.

ಫ್ಲಾರೆನ್ಸಿನ ಜೊತ್ತೋ ಗೋಪುರವನ್ನೂ ವಿದ್ಯಾರ್ಥಿ ಮಿತ್ರರು ನೋಡಬೇಕು. 1334ರಲ್ಲಿ ಜೊತ್ತೋ ಶುರು ಮಾಡಿದ, 1359ರಲ್ಲಿ ಫ್ರಾಂಚೆಸ್ಕೊ ತಲೆಂತಿ ಮುಗಿಸಿದ. ಮೇಲಿನ ಮೂರು ಅಂತಸ್ತುಗಳನ್ನು ತಲೆಂತಿ ಒಂದಕ್ಕಿಂತ ಒಂದು ದೊಡ್ಡದಾಗಿ ಕಟ್ಟಿದ. ಕೆಳಗಿನಿಂದ ನೋಡುವವರಿಗೆ ದೂರದಿಂದಾಗಿ ಕುಗ್ಗಿ, ಮೂರೂ ಸಮನಾಗಿ ಕಾಣುತ್ತವೆ. ಕಿಟಕಿಗಳೂ ಮೇಲಕ್ಕೆ ಹೋದಂತೆ ಅಗಲ, ಭಾರವೂ ಅಷ್ಟು ಕಡಿಮೆ. ಒಂದೇ ಏಟಿಗೆ ಎರಡು ಕೆಲಸ.

ಹೊಸ ಆರ್ಕಿಟೆಕ್ಟ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೇಪರ್ ತಲೆಬರಹವನ್ನೇ ಬದಲಾಯಿಸ್ತಾ ಇದೀನಿ. ಹಾಸ್ಟೆಲ್ ಹಿಂದಿನ ಕೋರ್ಟ್‌ನಲ್ಲಿ ಹಗ್ಗ ಹಿಡಿದು ಅಷ್ಟಕೋನ ಹಾಕಿದ್ವಿ, ಎಂಟೂ ಬಾಹು ಅಳೆದರೆ ಸುಮಾರಾಗಿ ಸಮ ಬಂತು, ಆದರೆ ನೋಡೋಕೆ ಯಾಕೋ ಒಂದು ಕಡೆ ಎಳೆದ ಹಾಗಿದೆ.

ತೂಗುಗುಂಡು:
ಬಾಹು ಸಮ ಬಂದರೆ ಸಾಲದು. ಎದುರುಬದುರು ಮೂಲೆಗಳ ನಡುವಿನ ನಾಲ್ಕು ಉದ್ದಗಳನ್ನೂ ಅಳೆಯಿರಿ, ನಾಲ್ಕೂ ಒಂದೇ ಇರಬೇಕು. ಇಲ್ಲದಿದ್ದರೆ ನಿಮ್ಮ ಮೊದಲ ಚೌಕವೇ ಮೂಲೆಮಟ್ಟಕ್ಕಿಲ್ಲ. ನೈಲಾನ್ ಹಗ್ಗ ಆಗಿದ್ದರೆ ಎಳೆದಾಗ ಹಿಗ್ಗುತ್ತೆ, ಅದನ್ನ ಬಿಸಾಕಿ ಬೈಂಡಿಂಗ್ ತಂತಿ ತಗೊಳ್ಳಿ.